ಭಾನುವಾರದ ಮೊಹರು

ಹೆಲ್ತ್ ಇನ್‌ಸ್ಪೆಕ್ಟರ್ ಚನ್ನಬಸವಯ್ಯನವರಿಗೆ ಐವತ್ತು ದಾಟಿದ ಮೇಲೆ ಮಂಗನಬಾವು ಬಂದದ್ದೇ ಎಲ್ಲಕ್ಕೂ ಮೂಲ. ಅದು ಮಕ್ಕಳಿಗೆ ಬರುವ ಕಾಯಿಲೆ. ಮೊಮ್ಮಗಳಿಗೆ ಬಂದಿತ್ತು, ಅವಳನ್ನು ಎತ್ತಿಕೊಂಡು ಮುದ್ದಾಡಿ ಇವರೂ ಅಂಟಿಸಿಕೊಂಡರು. ಶನಿವಾರ ಬೆಳಗಾಗುವ ಹೊತ್ತಿಗೆ ಎರಡು ಕೆನ್ನೆಯೂ ಊದಿ, ಅವರ ಮುಖ ಬಾಯಿ ಹೊಲಿದ ಕೊಬ್ಬರಿ ಚೀಲದಂತಾಗಿ, ಮಾತೇ ನಿಂತುಹೋಯಿತು.

ಮಾತು ನಿಂತದ್ದರಿಂದ ಊರಿಗೆ ಅಂಥ ನಷ್ಟವೇನಿರಲಿಲ್ಲ. ಆದರೆ ಮಾರನೆಯ ದಿನ ಭಾನುವಾರ. ಆಗಿನ ಅರಸೀಕೆರೆಯಲ್ಲಿ ಭಾನುವಾರವೆಂದರೆ ಮಾಂಸದ ಮಾರ್ಕೆಟ್ಟಿನ ದೊಡ್ಡ ದಿನ. ಹೆಲ್ತ್ ಇನ್‌ಸ್ಪೆಕ್ಟರು ಬಂದು, ತೂಗುಹಾಕಿದ್ದನ್ನೆಲ್ಲ ಒಂದೊಂದಾಗಿ ನೋಡಿ, ನೇರಳೆ ಶಾಯಿಯ ಮೊಹರು ಒತ್ತಿದ ಮೇಲೇ ವ್ಯಾಪಾರ. ಜನ ಬೆಲೆ ಕೇಳುವ ಮೊದಲು ಮೊಹರೆಲ್ಲಿ ಎಂದು ಕೇಳುತ್ತಿದ್ದ ಕಾಲ ಅದು.

ಪುರಸಭೆ ಕಚೇರಿಯಲ್ಲಿ ಮುಖ್ಯಾಧಿಕಾರಿಗಳು ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿ, "ನಾಳೆ ಮಾರ್ಕೆಟ್ಟಿಗೆ ಯಾರು ಹೋಗ್ತೀರಿ?" ಎಂದರು. ಗುಮಾಸ್ತರೆಲ್ಲ ಒಟ್ಟಿಗೆ ತಲೆ ತಗ್ಗಿಸಿ ಬರೆಯತೊಡಗಿದರು. ಆ ನಿಶ್ಶಬ್ದದಲ್ಲಿ ಸುಂದರರಾಜ ಸೀನಿದ.

"ಸರಿ, ಸುಂದರರಾಜು ಹೋಗ್ತಾರೆ."

"ಸಾರ್, ನಾನು ಅಯ್ಯಂಗಾರಿ. ನಮ್ಮನೇಲಿ ಈರುಳ್ಳಿ ಕೂಡ..."

"ತಿನ್ನಿ ಅಂದೆನೇನ್ರೀ? ನೋಡಿ ಅಂದೆ. ಚನ್ನಬಸವಯ್ಯನವರು ಲಿಂಗವಂತರು. ಇಷ್ಟು ವರ್ಷ ಅವರು ನೋಡ್ಲಿಲ್ವೆ?"

ಸುಂದರರಾಜ ಮನೆಕಂದಾಯದ ಗುಮಾಸ್ತ. ಸಣಕಲು ಮೈ, ಅದರ ಮೇಲೆ ಅಣ್ಣನದಿರಬೇಕು ಅನ್ನಿಸುವಂಥ ಕೋಟು. ಯಾರೊಂದಿಗೂ ಜಗಳವಾಡಿದವನಲ್ಲ, ಯಾರಿಗೂ ಆಗುವುದಿಲ್ಲ ಎಂದವನೂ ಅಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದರೆ ಅವನಿಗೆ ಸೀನು ಬರುತ್ತದೆ ಎಂದು ಹೆಂಡತಿ ಯದುಗಿರಿ ಹೇಳುತ್ತಿದ್ದಳು. ಆ ದಿನವೂ ಎರಡನೆಯ ಸೀನು ಬಂತು. ಮುಖ್ಯಾಧಿಕಾರಿಗಳು ಅದನ್ನೇ ಒಪ್ಪಿಗೆ ಎಂದು ತಿಳಿದು ಮೊಹರನ್ನೂ ಶಾಯಿ ಡಬ್ಬಿಯನ್ನೂ ಅವನ ಮೇಜಿನ ಮೇಲಿಟ್ಟು ಹೋದರು.

ಮನೆಯಲ್ಲಿ ಸುದ್ದಿ ಕೇಳಿದ ಯದುಗಿರಿ ರವೆ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನಾಳೆ ಬೇಲೂರಿಂದ ಗಂಡಿನೋರು ಬರ್ತಾರೆ. ನೆನಪಿದೆಯೋ ಇಲ್ವೋ?"

"ಬೆಳಗ್ಗೆ ಬೇಗ ಹೋಗಿ ಬಂದ್ಬಿಡ್ತೀನಿ ಕಣೇ. ಅವರ ಬಸ್ಸು ಬರೋದ್ರೊಳಗೆ ಸ್ನಾನ ಮಾಡಿ, ನಾಮ ಹಾಕ್ಕೊಂಡು ಕೂತಿರ್ತೀನಿ."

"ದೇವಸ್ಥಾನದ ಕೈಂಕರ್ಯ ಮಾಡೋ ಮನೆತನ ಅವರದು. ನೀವು ಕುರಿ ಮಾಂಸ ಮುಟ್ಟಿ ಬಂದಿರಿ ಅಂತ ಗೊತ್ತಾದ್ರೆ ನಮ್ಮನೇಲಿ ನೀರೂ ಕುಡಿಯಲ್ಲ, ತಿಳ್ಕೊಳ್ಳಿ!"

ಬರುವವರು ನೋಡಬೇಕಾಗಿದ್ದದ್ದು ಯದುಗಿರಿಯ ತಂಗಿ ಕೋಮಲವಲ್ಲಿಯನ್ನು. ತಂದೆ ತಾಯಿ ಹೋದ ಮೇಲೆ ಅಕ್ಕ ಭಾವನ ಮನೆಯಲ್ಲೇ ಬೆಳೆದವಳು. ಲಕ್ಷಣವಾಗಿದ್ದಳು, ಕೆಲಸದಲ್ಲಿ ಚುರುಕು, ಎಸ್ಸೆಸ್ಸೆಲ್ಸಿ ಪಾಸು. ಒಂದೇ ಕಷ್ಟವೆಂದರೆ ಅವಳು ನಕ್ಕರೆ ಸ್ಟೇಷನ್ನಿನವರೆಗೆ ಕೇಳುತ್ತಿತ್ತು. ಹಿಂದೆ ಬಂದ ಸಂಬಂಧವೊಂದರಲ್ಲಿ ವರನ ತಂದೆ ಗಂಭೀರವಾಗಿ ಗೋತ್ರ ಹೇಳುತ್ತಿರುವಾಗ ಅವರ ಹಲ್ಲಿನ ಸೆಟ್ಟು ಜಾರಿ ಕಾಫಿ ಲೋಟದೊಳಗೆ ಬಿತ್ತು. ಉಳಿದವರೆಲ್ಲ ನೋಡದವರ ಹಾಗೆ ಕೂತರು. ಕೋಮಲವಲ್ಲಿಯಿಂದ ಮಾತ್ರ ಆಗಲಿಲ್ಲ. ಅದಾದ ಮೇಲೆ ಒಂದು ವರ್ಷ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಯದುಗಿರಿ ಒಬ್ಬಳೇ ಇರುವಾಗ ಅಳುತ್ತಿದ್ದದ್ದು ಸುಂದರರಾಜನಿಗೆ ಗೊತ್ತಿತ್ತು.

ಈಗ ಬಂದಿದ್ದ ಸಂಬಂಧ ಒಳ್ಳೆಯದು. ವರನ ಕೆಲಸವೇನೆಂದು ಕೇಳಿದಾಗ ಮಧ್ಯಸ್ಥರು "ಸರ್ಕಾರದ್ದು" ಎಂದಷ್ಟೇ ಹೇಳಿದ್ದರು. ಆ ಕಾಲಕ್ಕೆ ಅಷ್ಟು ಸಾಕಾಗಿತ್ತು.

ಸಂಜೆ ಸುಂದರರಾಜ ಚನ್ನಬಸವಯ್ಯನವರ ಮನೆಗೆ ಹೋದ. ಕಿವಿಯಿಂದ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಅವರಿಗೆ ಇವನನ್ನು ನೋಡಿ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ವಿದ್ಯೆಯನ್ನು ಬಾಯಿಬಿಡದೆ ಧಾರೆಯೆರೆಯಬೇಕಲ್ಲ! ಮೂಗು ತೋರಿಸಿ ಜೋರಾಗಿ ಉಸಿರೆಳೆದರು.

"ಮೂಸಿ ನೋಡ್ಬೇಕಂತೆ," ಎಂದರು ಅವರ ಹೆಂಡತಿ, ಬಾಗಿಲಲ್ಲಿ ನಿಂತು.

ಆಮೇಲೆ ಬೆರಳಿನಿಂದ ತಮ್ಮ ಊದಿದ ಕೆನ್ನೆಯನ್ನೇ ಒತ್ತಿದರು. ಕೆನ್ನೆ ಒಳಗೆ ಹೋಯಿತು. ತಗ್ಗು ತಗ್ಗಾಗಿಯೇ ಉಳಿಯಿತು. ಚನ್ನಬಸವಯ್ಯನವರು ನೋವಿನಿಂದ ಮುಖ ಕಿವುಚಿ, ಬೇಡ ಬೇಡ ಎಂದು ಕೈಯಾಡಿಸಿದರು.

"ಒತ್ತಿದ್ದು ತಕ್ಷಣ ಮೇಲಕ್ಕೆ ಬರ್ಬೇಕಂತೆ. ಹೀಗೆ ತಗ್ಗು ಬಿದ್ದಿದ್ರೆ ಫೇಲಂತೆ," ಎಂದರು ಆಕೆ.

"ಹಾಗಾದ್ರೆ ಇವರು?" ಎಂದು ಸುಂದರರಾಜ ಕೇಳಿಬಿಟ್ಟ. ಚನ್ನಬಸವಯ್ಯನವರು ಗೋಡೆಯ ಕಡೆಗೆ ಹೊರಳಿದರು. ಪಾಠ ಅಲ್ಲಿಗೇ ಮುಗಿಯಿತು.

ಆಗಿನ ಅರಸೀಕೆರೆಯ ಬೆಳಗನ್ನು ಕಂಡವರು ಈಗಲೂ ಮರೆತಿರಲಾರರು. ಲೋಕೋಷೆಡ್ಡಿನ ಕಡೆಯಿಂದ ಕಲ್ಲಿದ್ದಲ ಹೊಗೆ ತೆಳ್ಳಗೆ ಇಳಿದು ಬರುತ್ತಿತ್ತು. ನೀರು ಕುಡಿಯಲು ನಿಂತ ಇಂಜಿನ್ನುಗಳು ದಣಿದ ಎತ್ತುಗಳಂತೆ ಉಸಿರು ಬಿಡುತ್ತಿದ್ದವು. ಗಡಿಯಾರ ಇದ್ದ ಮನೆಗಳು ಕಡಿಮೆ. ಮೈಸೂರು ರೈಲು ಕೂಗಿದರೆ ಒಲೆ ಹಚ್ಚುವುದು, ಹುಬ್ಬಳ್ಳಿ ರೈಲು ಕೂಗಿದರೆ ಮಕ್ಕಳನ್ನು ಎಬ್ಬಿಸುವುದು. ರೈಲು ತಡವಾದ ದಿನ ಇಡೀ ಊರಿಗೆ ಊಟ ತಡ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಅಂಥ ಬೆಳಗಿನಲ್ಲಿ ಸುಂದರರಾಜ ಮೊಹರನ್ನು ಕೋಟಿನ ಜೇಬಿನಲ್ಲಿ ಅಡಗಿಸಿಕೊಂಡು, ಕದ್ದ ಹಲಸಿನ ಹಣ್ಣು ಹೊತ್ತವನ ಹಾಗೆ ಗೋಡೆ ಹಿಡಿದು ಹೊರಟ. ಪಕ್ಕದ ಮನೆಯ ಜಗಲಿಯ ಮೇಲೆ ಷಡಕ್ಷರಪ್ಪ ಮೇಷ್ಟ್ರು ಹಲ್ಲುಪುಡಿ ಹಿಡಿದು ಕೂತಿದ್ದರು. ನಿವೃತ್ತರಾದ ಮೇಲೆ ಅವರಿಗೆ ಬೀದಿಯೇ ಕ್ಲಾಸು.

"ಮಾರ್ಕೆಟ್ಟಿಗೋ?" ಎಂದರು, ಇಡೀ ಬೀದಿಗೆ ಕೇಳುವಂತೆ.

"ಮೆಲ್ಲಗೆ ಸಾರ್! ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಊರಿಗೇ ಗೊತ್ತು. ನಿಂತ್ಕೊಳ್ಳಿ." ಒಳಗೆ ಹೋಗಿ ಒಂದು ಸಣ್ಣ ಸೀಸೆ ತಂದರು. "ನೀಲಗಿರಿ ಎಣ್ಣೆ. ಕರವಸ್ತ್ರಕ್ಕೆ ಹಾಕ್ಕೊಂಡು ಮೂಗಿಗೆ ಕಟ್ಕೊಳ್ಳಿ. ಯಾವ ವಾಸನೆಯೂ ಹತ್ರ ಸುಳಿಯಲ್ಲ."

"ಗಂಡಿನೋರು ಬರೋದ್ರೊಳಗೆ ವಾಪಸು ಬರ್ಬೇಕು ಸಾರ್. ಅದೇ ಭಯ."

"ಅದಕ್ಯಾಕೆ ಭಯ? ನಾನಿಲ್ವೆ? ಬಸ್‌ಸ್ಟ್ಯಾಂಡಿಗೆ ಹೋಗಿ ನಾನೇ ಅವರನ್ನ ಎದುರುಗೊಳ್ತೀನಿ. ಮನೆಗೆ ಕರ್ಕೊಂಡು ಬರೋ ಮೊದಲು ಊರು ತೋರಿಸ್ತೀನಿ. ನಮ್ಮ ಈಶ್ವರನ ಗುಡಿ ಸುತ್ತಿಸಿದರೆ ಮುಗೀತು, ಶಿಲ್ಪಗಳನ್ನ ವಿವರಿಸೋಕೇ ನನಗೆ ಅರ್ಧ ದಿನ ಬೇಕು."

ಸುಂದರರಾಜನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸೀಸೆಯಲ್ಲಿದ್ದ ಎಣ್ಣೆಯನ್ನೆಲ್ಲ ಕರವಸ್ತ್ರಕ್ಕೆ ಸುರಿದುಕೊಂಡು ಹೊರಟ.

ಮಾಂಸದ ಮಾರ್ಕೆಟ್ಟೆಂದರೆ ಕೆಂಪು ಹಂಚಿನ ಉದ್ದನೆಯ ಮಾಡು, ಸುತ್ತ ಕಬ್ಬಿಣದ ಜಾಲರಿ, ಎದುರಿಗೆ ಒಂದು ಹುಣಸೆಮರ, ಮರದ ತುಂಬ ತಾಳ್ಮೆಯಿಂದ ಕಾದ ಕಾಗೆಗಳು. ಒಳಗೆ ಅಂಗಡಿಯವರು ತೊಳೆದ ಕಲ್ಲಿನ ಕಟ್ಟೆಗಳ ಹಿಂದೆ ಸಾಲಾಗಿ ನಿಂತಿದ್ದರು. ಹೊರಗೆ ಬುಟ್ಟಿ, ಪಾತ್ರೆ, ಮುತ್ತುಗದೆಲೆ ಹಿಡಿದ ಜನ. ಅಂಗಡಿಗಳಲ್ಲಿ ಹಿರಿಯದು ಬುಡೇನ್ ಸಾಬರದು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಯಾವ ಮದುವೆ ಮನೆಯಲ್ಲಾದರೂ ಮುಂದಿನ ಸಾಲಿನಲ್ಲಿ ಕೂರಿಸಬೇಕು ಅನ್ನಿಸುವ ಮನುಷ್ಯ.

"ಬರಬೇಕು ಸ್ವಾಮಿ. ಇಲ್ಲಿಂದ ಶುರು ಮಾಡಿ," ಎಂದರು ಅವರು.

ಸುಂದರರಾಜ ಕರವಸ್ತ್ರವನ್ನು ಮೂಗಿಗೆ ಬಿಗಿದು ಕಟ್ಟಿಕೊಂಡ. ಮರುಕ್ಷಣವೇ ನೀಲಗಿರಿ ಎಣ್ಣೆಯ ಘಾಟು ಕಣ್ಣಿಗೆ ಏರಿತು. ಎರಡೂ ಕಣ್ಣುಗಳಿಂದ ನೀರು ದಳದಳನೆ ಇಳಿಯಿತು. ಮೂಸಿ ನೋಡಬೇಕೆಂದು ಕಲಿತಿದ್ದನಷ್ಟೆ. ಮೂಗಿಗೆ ನೀಲಗಿರಿ ಬೆಟ್ಟ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ನೋಡೋಣವೆಂದರೆ ಕಣ್ಣು ಮಂಜು. ತೂಗುಹಾಕಿದ್ದೆಲ್ಲ ಮಳೆಯಲ್ಲಿ ಒಣಗಹಾಕಿದ ಕೆಂಪು ಸೀರೆಗಳ ಹಾಗೆ ಕಂಡವು.

ಜಾಲರಿಯಾಚೆಯ ಜನ ಗುಸುಗುಸು ಮಾತಾಡತೊಡಗಿದರು.

"ಅಳ್ತಾವ್ರೆ ಕಣ್ಲಾ!"

"ಪಾಪ, ಬ್ರಾಂಬ್ರು. ಕುರಿ ನೋಡಿ ಕರುಳು ಚುರುಕ್ ಅಂತು ಅನ್ಸುತ್ತೆ."

ಬುಡೇನ್ ಸಾಬರು ಹತ್ತಿರ ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು. "ಸಮಾಧಾನ ಮಾಡ್ಕೊಳ್ಳಿ ಸ್ವಾಮಿ. ಮೊದಮೊದಲು ಹಾಗೆ ಆಗ್ತದೆ. ನಿಧಾನವಾಗಿ ನೋಡಿ, ನಮಗೇನೂ ಅವಸರ ಇಲ್ಲ."

ಅವಸರ ಇದ್ದದ್ದು ಸುಂದರರಾಜನಿಗೆ. ಉಳಿದಿದ್ದ ಒಂದೇ ವಿದ್ಯೆಯೆಂದರೆ ಒತ್ತುವುದು. ಕಣ್ಣು ಮುಚ್ಚಿ, ನಾರಾಯಣ ಎಂದು, ತೋರುಬೆರಳಿನ ತುದಿಯಿಂದ ಒತ್ತಿದ. ಒತ್ತಿದ್ದು ಮೇಲಕ್ಕೆ ಬಂತು. ಮೊಹರು ಹಾಕಿದ. ಮುಂದಿನದನ್ನು ಒತ್ತಿದ, ಬಂತು, ಮೊಹರು. ಹೀಗೆ ಒತ್ತುತ್ತ ಒತ್ತುತ್ತ ಧೈರ್ಯ ಬಂತು. ಒಂದು ಅಂಗಡಿಯಲ್ಲಿ ಮಾತ್ರ, ಹಿಂದಿನ ದಿನದ್ದಿರಬೇಕು, ಒತ್ತಿದ ಬೆರಳಿನ ಗುರುತು ಚನ್ನಬಸವಯ್ಯನವರ ಕೆನ್ನೆಯ ಹಾಗೇ ಉಳಿಯಿತು. "ಇದು ಆಗಲ್ಲ!" ಎಂದ. ಸೀನು ಬರಲಿಲ್ಲ! ಅಂಗಡಿಯವನು ಮರುಮಾತಾಡದೆ ಅದನ್ನು ಇಳಿಸಿ ಒಳಗೆ ಒಯ್ದ. ಜೀವನದಲ್ಲಿ ಮೊದಲ ಸಲ ಆಗಲ್ಲ ಎಂದು, ಅದನ್ನು ಒಬ್ಬರು ಕೇಳಿದ್ದೂ ಆಗಿ, ಸುಂದರರಾಜನ ಕೋಟು ಅವನ ಮೈಗೆ ಸ್ವಲ್ಪ ಸರಿಹೊಂದಿದಂತೆ ಕಂಡಿತು.

ಕೊನೆಗೆ ಉಳಿದದ್ದು ಬುಡೇನ್ ಸಾಬರ ಅಂಗಡಿಯಲ್ಲಿ ಆಗಷ್ಟೆ ತಂದು ನೇತುಹಾಕಿದ ಒಂದು ದೊಡ್ಡ ತೊಡೆ. ಅದನ್ನು ಮುಂಗಡವಾಗಿ ಹೇಳಿಟ್ಟುಕೊಂಡಿದ್ದವಳು ಬೋರಮ್ಮ. ಸ್ಟೇಷನ್ನಿನ ಹಿಂದೆ ಅವಳ ಮಿಲ್ಟ್ರಿ ಹೋಟೆಲಿತ್ತು. ಮುದ್ದೆ ಮತ್ತು ಅವಳ ಕೈಯ ಸಾರಿಗಾಗಿ ಗೂಡ್ಸ್ ಗಾಡಿಯ ಡ್ರೈವರುಗಳು ಸಿಗ್ನಲ್ ಇದ್ದರೂ ಇಂಜಿನ್ ನಿಲ್ಲಿಸಿ ಕಾಯುತ್ತಾರೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಎತ್ತರದ ಹೆಂಗಸು, ಕಂಚಿನ ಗಂಟೆಯಂಥ ಗಂಟಲು.

ಸುಂದರರಾಜ ಆ ತೊಡೆಯ ಮೇಲೆ ಬೆರಳಿಟ್ಟ. ತೊಡೆ ಮಿಡಿಯಿತು.

ಬೆರಳು ತೆಗೆದ. ಇನ್ನೊಮ್ಮೆ, ತಾನಾಗಿಯೇ, ಪಟ್ ಪಟ್ ಎಂದು ಮಿಡಿಯಿತು. ಸುಂದರರಾಜ ಹಿಂದಕ್ಕೆ ನೆಗೆದ ಹೊಡೆತಕ್ಕೆ ಶಾಯಿ ಡಬ್ಬಿ ಅವನ ಎರಡೂ ಕೈಗಳ ಮೇಲೆ ಮಗುಚಿಕೊಂಡಿತು.

"ಇದಕ್ಕೆ ಜೀವ ಇದೆ! ಇದು ಇನ್ನೂ ಸತ್ತಿಲ್ಲ!"

"ಏ, ಬರೀ ತೊಡೇಲಿ ಜೀವ ಎಲ್ಲೈತೆ ಸ್ವಾಮಿ? ಮಿಕ್ಕಿದ್ದೆಲ್ಲ ಆಚೆ ಅಂಗ್ಡೀಲಿ ತೂಗಾಕವ್ರೆ!" ಎಂದಳು ಬೋರಮ್ಮ.

"ಅಲ್ಲಾಡ್ತಿದೆಯಲ್ಲಮ್ಮ! ಅಲ್ಲಾಡೋದಕ್ಕೆ ನಾನು ಮೊಹರು ಒತ್ತಲ್ಲ."

"ಒಸಾದು ಸ್ವಾಮಿ, ಅದ್ಕೇ ಅದುರ್ತೈತೆ. ಒತ್ರೀ ಬೇಗ. ಮದ್ಯಾನದ ಗಾಡಿಯೋರು ಬತ್ತಾರೆ, ನಾನಿನ್ನೂ ಮಸಾಲೆ ಅರೀಬೇಕು!"

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು. ಹಳೇಬೀಡಿನ ಮೇಲೆ ಬರುವ ಬೇಲೂರು ಬಸ್ಸು! ಪ್ರತಿದಿನ ಹಳೇಬೀಡಿನಲ್ಲಿ ಡ್ರೈವರು ಇಡ್ಲಿ ತಿನ್ನುವ ತನಕ ನಿಲ್ಲುತ್ತಿದ್ದ ಬಸ್ಸು ಆ ದಿನ ಯಾಕೋ ನಿಲ್ಲದೆ ಬಂದಿತ್ತು. ಸುಂದರರಾಜ ಮೊಹರನ್ನು ಜೇಬಿಗೆ ತುರುಕಿ, "ಆಮೇಲೆ ನೋಡೋಣಮ್ಮ, ಆಮೇಲೆ!" ಎನ್ನುತ್ತ ಓಡಿದ. ಹಿಂದಿನಿಂದ ಬೋರಮ್ಮನ ಗಂಟೆ ಬಾರಿಸುತ್ತಲೇ ಇತ್ತು.

ಷಡಕ್ಷರಪ್ಪ ಮೇಷ್ಟ್ರು ಕೊಟ್ಟ ಮಾತಿನಂತೆ ಬಸ್ಸಿನ ಬಾಗಿಲಲ್ಲೇ ಗಂಡಿನವರನ್ನು ಎದುರುಗೊಂಡಿದ್ದರು. ನಮ್ಮೂರ ಈಶ್ವರನ ಗುಡಿ ನೋಡಿಕೊಂಡು ಹೋಗೋಣ ಬನ್ನಿ ಎಂದು ಆದರದಿಂದ ಕರೆದಿದ್ದರು. ತಲೆಮಾರುಗಳಿಂದ ಚೆನ್ನಕೇಶವನನ್ನು ಬಿಟ್ಟು ಬೇರೆ ದೇವರ ಕಡೆ ತಿರುಗಿ ನೋಡದ ವರನ ತಂದೆ ಗೋಪಾಲಸ್ವಾಮಿ ಅಯ್ಯಂಗಾರರು, "ಇನ್ನೊಂದು ಸಲ ಆಗಲಿ," ಎಂದವರೇ ದಾಪುಗಾಲು ಹಾಕಿ ನೇರವಾಗಿ ಮನೆಗೇ ಬಂದುಬಿಟ್ಟಿದ್ದರು. ಅವರನ್ನು ತಡೆಯಲು ಹೋದ ಮೇಷ್ಟ್ರೇ ಅವರನ್ನು ಬೇಗ ಮುಟ್ಟಿಸಿದಂತಾಯಿತು.

ಸುಂದರರಾಜ ಹಿತ್ತಲ ಬಾಗಿಲಿನಿಂದ ನುಗ್ಗಿ, ಬಾವಿಯ ಬಳಿ ನಾಲ್ಕು ಕೊಡ ಸುರಿದುಕೊಂಡು, ನಾಮ ತೀಡಿ, ಮತ್ತೆ ಅದೇ ಕೋಟು ತೊಟ್ಟು ನಡುಮನೆಗೆ ಬಂದ. ಸೀಗೇಕಾಯಿಗೂ ಬೂದಿಗೂ ಜಗ್ಗದ ನೇರಳೆ ಶಾಯಿ ಮೊಣಕೈವರೆಗೆ ಹಾಗೇ ಇತ್ತು.

ಗೋಪಾಲಸ್ವಾಮಿ ಅಯ್ಯಂಗಾರರು ಚಾಪೆಯ ನಡುವೆ, ಅವರ ಹೆಂಡತಿ ಚೆಲುವಮ್ಮ ಗೋಡೆಗೆ ಒರಗಿ. ವರ ಸಂಪತ್ಕುಮಾರ್ ಕಿಟಕಿಯ ಬಳಿ, ತಲೆಗೆ ಎಣ್ಣೆ ಹಚ್ಚಿ ಬಾಚಿದ ಶಾಂತ ಮುಖದ ಹುಡುಗ.

"ಏನು, ಕೈಯೆಲ್ಲ ನೇರಳೆ ಹಣ್ಣಿನ ಬಣ್ಣ?" ಎಂದರು ಚೆಲುವಮ್ಮ.

"ಆಫೀಸಿನ ಶಾಯಿ ಅಮ್ಮ."

"ಭಾನುವಾರ ಕೂಡ ಆಫೀಸೆ?"

"ಪುರಸಭೆ ನೋಡಿ... ಕೆಲಸ ಮುಗಿಯೋದೇ ಇಲ್ಲ."

"ಕಣ್ಣು ಯಾಕೆ ಕೆಂಪಗಿದೆ? ಅದೇನು ಇಷ್ಟೊಂದು ನೀಲಗಿರಿ ಎಣ್ಣೆ ವಾಸನೆ?"

"ಶೀತ," ಎಂದ ಸುಂದರರಾಜ. ನಂಬಿಸಲು ಸೀನಬೇಕೆಂದುಕೊಂಡ. ಬೇಕಾದಾಗ ಅದೂ ಬರಲಿಲ್ಲ. ಮಾತು ತಿರುಗಿಸಲು ವರನ ತಂದೆಯ ಕಡೆ ನೋಡಿ, "ಹುಡುಗನಿಗೆ ಸರ್ಕಾರದಲ್ಲಿ ಯಾವ ಕೆಲಸ ಅಂದ್ರಿ?" ಎಂದು ಕೇಳಿದ.

ಗೋಪಾಲಸ್ವಾಮಿ ಅಯ್ಯಂಗಾರರಿಗೆ ಒಮ್ಮೆಲೇ ಕೆಮ್ಮು ಬಂತು. "ಸರ್ಕಾರದ್ದು, ದೊಡ್ಡ ಜವಾಬ್ದಾರಿಯ ಕೆಲಸ... ಅಂದ ಹಾಗೆ ಈ ವರ್ಷ ನಿಮ್ಮ ಕಡೆ ತೆಂಗಿನ ಫಸಲು ಹೇಗೆ?" ಎಂದರು.

ಎರಡು ಕಡೆಯವರೂ ಬಹಳ ಹೊತ್ತು ತೆಂಗಿನ ವಿಷಯ ಮಾತಾಡಿದರು. ಯದುಗಿರಿ ಸಜ್ಜಿಗೆ, ಕಾಫಿ ತಂದಿಟ್ಟಳು. ಕೋಮಲವಲ್ಲಿ ಅಡಿಗೆಮನೆಯ ಬಾಗಿಲ ಹಿಂದೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು; ಏನೇ ಆದರೂ ನಗುವುದಿಲ್ಲ ಎಂದು ಅಕ್ಕನಿಗೆ ಆಣೆಯಿಟ್ಟು ಹೇಳಿದ್ದಳು. "ಇನ್ನು ಹುಡುಗೀನ ಕರೀಬಹುದಲ್ಲ," ಎಂದು ಚೆಲುವಮ್ಮ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬೀದಿಯಿಂದ ಕಂಚಿನ ಗಂಟೆ ಮೊಳಗಿತು.

"ಇನ್‌ಸ್ಪೆಟ್ರಪ್ಪಾ! ಏ ಇನ್‌ಸ್ಪೆಟ್ರಪ್ಪಾ! ನನ್ ತೊಡೆ ಮುಟ್ಟಿ ನೋಡಿ, ಅಂಗೇ ಬುಟ್ಟು ಓಡ್ ಬಂದ್ಬುಟ್ರಲ್ಲಾ! ಇದು ನ್ಯಾಯ್ವಾ?"

ನಡುಮನೆಯಲ್ಲಿ ಸಜ್ಜಿಗೆ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

"ಯಾರದು?" ಎಂದರು ಚೆಲುವಮ್ಮ, ಸಣ್ಣ ದನಿಯಲ್ಲಿ.

"ಯಾರೋ... ಬೇರೆ ಯಾರನ್ನೋ ಕೂಗ್ತಿರಬೇಕು," ಎಂದ ಸುಂದರರಾಜ.

ಆಗ ಷಡಕ್ಷರಪ್ಪ ಮೇಷ್ಟ್ರ ಉಪಕಾರದ ದನಿ ಕೇಳಿಸಿತು: "ಇದೇ ಮನೆ ಕಣಮ್ಮ. ಸುಂದರರಾಜು ಒಳಗೇ ಇದ್ದಾರೆ, ಜೋರಾಗಿ ಕೂಗು."

ಬೋರಮ್ಮ ಜೋರಾಗಿ ಕೂಗಿದಳು. "ಬೆಳಗ್ಗೆ ಅಷ್ಟು ಜನರ ಮುಂದೆ ತೊಡೆ ಒತ್ತಿದೋರು ಈಗ ಯಾಕ್ ಒಳೀಕ್ ಸೇರ್ಕಂಡ್ರಿ? ಆಗ್ತದೋ ಆಗಾಕಿಲ್ವೋ, ಆಚೀಕ್ ಬಂದು ಒಂದ್ ಮಾತ್ ಹೇಳ್ಬುಡಿ!"

ಚೆಲುವಮ್ಮ ಎದ್ದು ನಿಂತರು. ಗೋಪಾಲಸ್ವಾಮಿ ಅಯ್ಯಂಗಾರರು ಎರಡೂ ಕಿವಿಗಳ ಮೇಲೆ ಕೈಯಿಟ್ಟುಕೊಂಡರು. ಯದುಗಿರಿ ಗಂಡನನ್ನು ನೋಡಿದ ನೋಟ ಹೇಗಿತ್ತೆಂದರೆ, ವಿಷಯ ಪೂರ್ತಿ ಗೊತ್ತಿದ್ದ ಅವಳಿಗೂ ಒಂದು ಕ್ಷಣ ಅನುಮಾನ ಬಂದಂತಿತ್ತು.

ಸುಂದರರಾಜನ ತಲೆ ಇಂಜಿನ್ನಿನ ಹಾಗೆ ಕಾದಿತು. ನಿಜ ಹೇಳಿದರೆ ನಾದಿನಿಯ ಸಂಬಂಧ ಹೋಗುತ್ತದೆ. ಹೇಳದಿದ್ದರೆ ತನ್ನ ಮಾನವೂ ಹೋಗುತ್ತದೆ, ಅದರ ಹಿಂದೆಯೇ ಸಂಬಂಧವೂ ಹೋಗುತ್ತದೆ. ಇನ್ನು ಯಾವುದನ್ನು ಉಳಿಸುವುದು?

"ಕುರೀದು!" ಎಂದು ಅರಚಿದ. "ಕುರಿ ತೊಡೆ ಅಮ್ಮ, ಕುರಿ ತೊಡೆ! ಹೆಲ್ತ್ ಇನ್‌ಸ್ಪೆಕ್ಟರಿಗೆ ಮಂಗನಬಾವು. ನನ್ನನ್ನ ಮಾಂಸದ ಮಾರ್ಕೆಟ್ಟಿಗೆ ಹಾಕಿದ್ರು. ಎಲ್ಲಾನೂ ಒತ್ತಿ ನೋಡಿ ಮೊಹರು ಹಾಕಿದೆ. ಇವಳದ್ದು ಮಾತ್ರ ಅಲ್ಲಾಡ್ತು. ನನಗೆ ಹೆದರಿಕೆ ಆಯ್ತು, ಓಡಿ ಬಂದೆ. ನಿಮಗೆ ಹೇಳಬಾರದು ಅಂತಲೇ ಇದ್ದೆ. ನನ್ನದೇ ತಪ್ಪು, ಆ ಮಗು ಕೋಮಲಂದು ಏನೂ ತಪ್ಪಿಲ್ಲ."

ಬೋರಮ್ಮ ಅಷ್ಟರಲ್ಲಿ ಅಂಗಳಕ್ಕೇ ಬಂದು, ಮುತ್ತುಗದೆಲೆಯಲ್ಲಿ ಸುತ್ತಿದ ತೊಡೆಯನ್ನು ಒಗೆಯುವ ಕಲ್ಲಿನ ಮೇಲೆ ಇಳಿಸಿದ್ದಳು. ಗೇಟಿನಾಚೆ ಬುಡೇನ್ ಸಾಬರು ಮುಜುಗರದಿಂದ ನಿಂತಿದ್ದರು. "ಬೇಡ ಅಂದೆ ಸ್ವಾಮಿ, ಮನೆಗೆ ಹೋಗೋದು ಬೇಡ ಅಂದೆ. ಆಕೆ ಕೇಳಲಿಲ್ಲ," ಎಂದರು.

"ನಾನ್ಯಾಕ್ ಕೇಳ್ಲಿ? ಮೊಹರಿಲ್ದ ಮಾಂಸ ಇವತ್ತಿನವರೆಗೆ ನನ್ನ ಒಲೆ ಏರಿಲ್ಲ. ಉಂಡೋರ ಹೊಟ್ಟೆ ಕೆಟ್ರೆ ನೀವ್ ಬತ್ತೀರಾ ಜವಾಬು ಹೇಳಾಕೆ?"

ಆಗ ಕಿಟಕಿಯ ಬಳಿ ಕೂತಿದ್ದ ಸಂಪತ್ಕುಮಾರ್ ಎದ್ದ. ಶರಟಿನ ತೋಳು ಮಡಿಸಿಕೊಂಡ. "ಸಂಪತ್ತೂ, ಬೇಡ ಕಣೋ!" ಎಂದು ಅವನ ತಾಯಿ ಹೇಳುತ್ತಿದ್ದಂತೆಯೇ ಅಂಗಳಕ್ಕೆ ಇಳಿದು ಎಲೆ ಬಿಡಿಸಿದ. ತೊಡೆ ಇನ್ನೂ ಅಲ್ಲೊಂದು ಇಲ್ಲೊಂದು ಕಡೆ ಸಣ್ಣಗೆ ಮಿಡಿಯುತ್ತಿತ್ತು. ಹುಡುಗ ಬಗ್ಗಿ ಮೂಸಿದ. ಬೆರಳಿನಿಂದ ಒತ್ತಿದ. ಕೊಬ್ಬಿನ ಬಣ್ಣ ನೋಡಿದ, ಕೀಲಿನ ಬಳಿ ತಿರುಗಿಸಿ ನೋಡಿದ, ಹಸ್ತ ಒತ್ತಿ ಅಂಟುತ್ತದೆಯೇ ಎಂದು ನೋಡಿದ. ನಡುಮನೆಯ ಗಂಡಸರು ಹೆಂಗಸರು ಬಾಗಿಲಲ್ಲಿ ಕಿಕ್ಕಿರಿದು ನಿಂತಿದ್ದರು.

"ಎಳೇ ಕುರಿ. ಬೆಳಗ್ಗೆ ಕಡಿದಿದ್ದು. ಒಳ್ಳೇ ಮಾಂಸ," ಎಂದ. "ತೀರಾ ಹೊಸದಾದರೆ ಸ್ವಲ್ಪ ಹೊತ್ತು ನರ ಮಿಡೀತಾ ಇರುತ್ತೆ. ಅದಕ್ಕೆ ಹೆದರಬೇಕಾಗಿಲ್ಲ. ಮೊಹರು ಎಲ್ಲಿದೆ ಕೊಡಿ."

ಸುಂದರರಾಜ ಜೇಬಿನಿಂದ ಇನ್ನೂ ಶಾಯಿ ಆರದ ಮೊಹರು ತೆಗೆದುಕೊಟ್ಟ. ಹುಡುಗ ಹಿಡಿದು ತಿರುಗಿಸಿ, ಅಂಚೆ ಕಚೇರಿಯವನು ಲಕೋಟೆಗೆ ಹೊಡೆದಂತೆ ಧಪ್ಪೆಂದು ಒತ್ತಿದ. ಅಷ್ಟು ಚೊಕ್ಕಟವಾದ ಮೊಹರು ಆ ದಿನ ಇಡೀ ಮಾರ್ಕೆಟ್ಟಿನಲ್ಲಿ ಇನ್ನೊಂದಿರಲಿಲ್ಲ.

"ಇದೆಲ್ಲ ನಿಮಗೆ..." ಎಂದ ಸುಂದರರಾಜ.

ಗೋಪಾಲಸ್ವಾಮಿ ಅಯ್ಯಂಗಾರರು ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಕೂತರು. "ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ನಮ್ಮ ಹುಡುಗ ಬೆಂಗಳೂರಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ತರಬೇತಿ ಮುಗಿಸಿದ್ದಾನೆ. ಮಾಂಸ ನೋಡೋ ಪರೀಕ್ಷೇಲಿ ಇವನೇ ಮೊದಲು. ದೇವಸ್ಥಾನದ ಮನೆ ಹುಡುಗನಿಗೆ ಇಂಥ ಕೆಲಸ ಅಂದ್ರೆ ಯಾರು ಹೆಣ್ಣು ಕೊಡ್ತಾರೆ ಅಂತ ಇವನ ತಾಯಿ ಎಲ್ಲರ ಬಾಯಿ ಮುಚ್ಚಿಸಿದ್ದಳು."

"ನಾವೂ ನಿಮಗೆ ಗೊತ್ತಾದ್ರೆ ನೀರು ಕುಡಿಯಲ್ಲ ಅಂತ..." ಎಂದು ಯದುಗಿರಿ ಶುರು ಮಾಡಿದಳು, ಮುಗಿಸಲಾಗಲಿಲ್ಲ.

ಅಡಿಗೆಮನೆಯಿಂದ ನಗು ಸಿಡಿಯಿತು. ಬೆಳಗಿನಿಂದ ಕಟ್ಟಿಟ್ಟಿದ್ದ ನಗು. ಬೋರಮ್ಮನ ತೊಡೆ, ಭಾವನ ನೇರಳೆ ಕೈ, ಅಯ್ಯಂಗಾರರ ತೆಂಗಿನ ಫಸಲು ಎಲ್ಲವೂ ಸೇರಿ, ಕೆರೆ ಕೋಡಿ ಬಿದ್ದಂತೆ. ಹುಣಸೆಮರದ ಕಾಗೆಗಳು ಕೂಡ ಎದ್ದಿರಬೇಕು. ಯದುಗಿರಿ ಕಣ್ಣು ಮುಚ್ಚಿಕೊಂಡಳು. ಇದೂ ಹೋಯಿತು ಎಂದುಕೊಂಡಳು.

"ಯಾರು ನಕ್ಕಿದ್ದು?" ಎಂದ ಸಂಪತ್ಕುಮಾರ್.

"ನನ್ನ ತಂಗಿ," ಎಂದಳು ಯದುಗಿರಿ, ನೆಲ ನೋಡುತ್ತ.

ಕೋಮಲವಲ್ಲಿ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅಂಗಳದಲ್ಲಿ ತೋಳು ಮಡಿಸಿ, ಮೊಹರು ಹಿಡಿದು ನಿಂತಿದ್ದ ವರನನ್ನು ನೋಡಿ ಅವಳಿಗೆ ಮತ್ತೆ ತಡೆಯಲಾಗಲಿಲ್ಲ. ಈ ಸಲ ಅವನೂ ನಕ್ಕ. ಅವನ ನಗುವೂ ಕಡಿಮೆಯದೇನಾಗಿರಲಿಲ್ಲ.

"ಅಪ್ಪ, ನನಗೆ ಒಪ್ಪಿಗೆ," ಎಂದ.

"ಅವಳನ್ನ ಯಾರೂ ಕೇಳಲೇ ಇಲ್ವಲ್ಲಪ್ಪ," ಎಂದರು ಜಗಲಿಯಿಂದ ಷಡಕ್ಷರಪ್ಪ ಮೇಷ್ಟ್ರು.

"ನನಗೂ," ಎಂದಳು ಕೋಮಲವಲ್ಲಿ, ನಗುವಿನ ನಡುವೆ.

"ನೂರ್ಕಾಲ ಬಾಳ್ರಪ್ಪಾ," ಎಂದು ಬೋರಮ್ಮ ತೊಡೆಯನ್ನು ಮಗುವಿನ ಹಾಗೆ ಕಂಕುಳಿಗೇರಿಸಿಕೊಂಡು ಹೊರಟಳು. ಬುಡೇನ್ ಸಾಬರು ಗೇಟಿನಾಚೆಯಿಂದಲೇ ಸಲಾಮು ಮಾಡಿ ಅವಳ ಹಿಂದೆ ನಡೆದರು.

ಒಗೆಯುವ ಕಲ್ಲನ್ನೂ ಅಂಗಳವನ್ನೂ ಸಗಣಿ ನೀರಿನಿಂದ ಸಾರಿಸಿ, ವರನಿಗೆ ಇನ್ನೊಮ್ಮೆ ಸ್ನಾನ ಮಾಡಿಸಿ, ತಾಂಬೂಲದ ತಟ್ಟೆ ಮುಂದಿಟ್ಟುಕೊಂಡು ಕೂತಾಗ ಸುಂದರರಾಜನ ಸಂತೋಷಕ್ಕೆ ಮಿತಿಯಿರಲಿಲ್ಲ. ಅದರ ಮೇಲೆ ಇನ್ನೊಂದು ಸಿಹಿ ಸುದ್ದಿ ಬಂತು. ಸಂಪತ್ಕುಮಾರನಿಗೆ ಕೆಲಸದ ಆರ್ಡರು ಬಂದಿತ್ತಂತೆ, ಅದೂ ಅರಸೀಕೆರೆಗೇ! ಚನ್ನಬಸವಯ್ಯನವರು ಮುಂದಿನ ತಿಂಗಳು ಬಾಣಾವರದ ಕಡೆ ವರ್ಗವಾಗಿ ಹೋಗುವವರಿದ್ದರು. ಸುಂದರರಾಜನಿಗೆ ಹುಡುಗನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ನಾದಿನಿ ಕಣ್ಣೆದುರಿಗೇ ಇರುತ್ತಾಳೆ. ಊರಿಗೆ ಖಾಯಂ ಇನ್‌ಸ್ಪೆಕ್ಟರು ಸಿಕ್ಕಿದ. ಇನ್ನು ಜನ್ಮದಲ್ಲಿ ಆ ಜಾಲರಿಯೊಳಗೆ ಕಾಲಿಡಬೇಕಾಗಿಲ್ಲ.

"ವರದಕ್ಷಿಣೆ, ವರೋಪಚಾರ ನಮಗೇನೂ ಬೇಡ," ಎಂದರು ಗೋಪಾಲಸ್ವಾಮಿ ಅಯ್ಯಂಗಾರರು.

"ಒಂದೇ ಒಂದು ಕೋರಿಕೆ," ಎಂದರು ಚೆಲುವಮ್ಮ.

"ಕೇಳಿ ಅಮ್ಮ, ಏನು ಬೇಕಾದರೂ ಕೇಳಿ!"

"ವಾರವೆಲ್ಲ ಅವನು ಅವನ ಕೆಲಸ ಮಾಡಿಕೊಳ್ಳಲಿ, ಸರ್ಕಾರದ ಅನ್ನ, ಬಿಡೋಕಾಗಲ್ಲ. ಆದರೆ ಭಾನುವಾರ ಅವನಿಗೆ ವಾರದ ರಜೆ ತಾನೆ? ಹಿಂದಿನೋರು ಆ ರಜೆ ಬಿಟ್ಟು ಕೆಲಸ ಮಾಡ್ತಿದ್ರೇನೋ, ಇವನು ಮಾಡೋದು ಬೇಡ. ಆವತ್ತು ಮಾತ್ರ ಅವನು ಮಾಂಸದ ಮುಖ ನೋಡಕೂಡದು. ಹೆಂಡತೀನ ಕರ್ಕೊಂಡು ಬೇಲೂರಿಗೆ ಬಂದು ದೇವರ ಸೇವೆಗೆ ನಿಲ್ಲಬೇಕು. ರಜೆ ದಿವಸ ಅವನ ಜಾಗಕ್ಕೆ ನಿಮ್ಮ ಪುರಸಭೆಯಿಂದ ಯಾರಾದರೂ ಹೋಗಲೇಬೇಕಲ್ಲ." ಚೆಲುವಮ್ಮ ಸುಂದರರಾಜನ ನೇರಳೆ ಕೈಗಳನ್ನು ವಾತ್ಸಲ್ಯದಿಂದ ನೋಡಿದರು. "ಹೊರಗಿನೋರನ್ನ ಯಾಕೆ ಹುಡುಕಬೇಕು? ನೀವಿದ್ದೀರಿ. ನಿಮಗೀಗ ಅಭ್ಯಾಸವೂ ಆಗಿದೆ."

ಆಗುವುದಿಲ್ಲ ಎನ್ನಲು ಸುಂದರರಾಜ ಬಾಯಿ ತೆರೆದ. ಸೀನು ಬಂತು.

"ಆಗಲಿ ಅಂತಿದ್ದಾರೆ," ಎಂದಳು ಯದುಗಿರಿ, ತಾಂಬೂಲದ ತಟ್ಟೆಯನ್ನು ಮುಂದಕ್ಕೆ ಸರಿಸುತ್ತ.

ಮದುವೆ ಬೇಲೂರಿನಲ್ಲಿ ಚೆನ್ನಾಗಿಯೇ ನಡೆಯಿತು. ಹೊಸ ಸಂಸಾರ ಅರಸೀಕೆರೆಗೆ ಬಂದ ಮೇಲಿನ ಮೊದಲ ಭಾನುವಾರ, ಬಿಸಿಲು ಇನ್ನೂ ಹುಣಸೆಮರದ ತುದಿಯಲ್ಲಿರುವಾಗ, ಬೇಲೂರಿಗೆ ಹೋಗುವ ಬಸ್ಸು ಧೂಳೆಬ್ಬಿಸಿಕೊಂಡು ಮಾರ್ಕೆಟ್ಟಿನ ಮುಂದೆ ಹಾದುಹೋಯಿತು. ಕಿಟಕಿಯಲ್ಲಿ ಸಂಪತ್ಕುಮಾರ್, ಪಕ್ಕದಲ್ಲಿ ಮಲ್ಲಿಗೆ ಮುಡಿದ ಕೋಮಲವಲ್ಲಿ. ಭಾವನನ್ನು ಕಂಡು ಇಬ್ಬರೂ ಕೈ ಬೀಸಿದರು. ಇಂಜಿನ್ನಿನ ಸದ್ದನ್ನೂ ಮೀರಿ ಅವಳ ನಗು ಬೀದಿಯ ತಿರುವಿನವರೆಗೆ ಕೇಳುತ್ತಲೇ ಇತ್ತು. ಜಾಲರಿಯೊಳಗಿನಿಂದ ಸುಂದರರಾಜನೂ ನೇರಳೆ ಕೈ ಎತ್ತಿ ಬೀಸಿದ.

"ಆಮೇಕ್ ಬೀಸೀರಂತೆ," ಎಂದಳು ಹಿಂದಿನಿಂದ ಬೋರಮ್ಮ. "ಇತ್ಲಾಗ್ ಬಂದು ಇದನ್ನ ಒಂದಿಷ್ಟು ಒತ್ತಿ ನೋಡಿ ಸ್ವಾಮಿ. ಇವತ್ತಿಂದು ಇನ್ನೂ ಚೆನ್ನಾಗಿ ಅದುರ್ತೈತೆ."